ಕಪ್ಪಿನ ಅಳತೆಯನ್ನು ಗ್ರಾಂಗೆ ತರುವುದು ಹೇಗೆ?

ಪ್ರಶ್ನೆ: ನನ್ನ ಬಳಿಯಿರುವ ಕೇಕಿನ ವಿಧಾನದಲ್ಲಿ ಎಲ್ಲ ಸಾಮಗ್ರಿಗಳನ್ನೂ ಕಪ್ಪಿನ ಲೆಕ್ಕದಲ್ಲಿ ಕೊಟ್ಟಿದ್ದಾರೆ. ಈಚೆಗೆ ಡಿಜಿಟಲ್ ತಕ್ಕಡಿ ಕೊಂಡಿರುವುದರಿಂದ ತೂಗಿಯೇ ಹಾಕಬೇಕೆಂದಿದ್ದೇನೆ. ಆದರೆ ಒಂದು ಕಪ್ ಮೈದಾ ಎಂದರೆ ಒಂದು ಕಡೆ 120 ಗ್ರಾಂ ಎಂದಿದೆ, ಇನ್ನೊಂದು ಕಡೆ 150 ಗ್ರಾಂ ಎಂದಿದೆ. ಯಾವುದನ್ನು ನಂಬುವುದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಎರಡೂ ಸರಿಯೇ, ಏಕೆಂದರೆ ಮೈದಾದ ತೂಕ ಕಪ್ಪನ್ನು ತುಂಬುವ ಕೈಯನ್ನು ಅವಲಂಬಿಸಿದೆ. ನನಗೂ ಇದೇ ಅನುಮಾನ ಬಂದಾಗ ಒಂದೇ ಡಬ್ಬಿಯ ಮೈದಾವನ್ನು ಒಂದೇ ಕಪ್ಪಿನಲ್ಲಿ ಮೂರು ಬಗೆಯಾಗಿ ಅಳೆದು ತೂಗಿದೆ. ಜರಡಿಯಿಂದ ನೇರವಾಗಿ ಕಪ್ಪಿಗೆ ಉದುರಿಸಿದಾಗ 112 ಗ್ರಾಂ, ಚಮಚದಿಂದ ಮೆಲ್ಲಗೆ ತುಂಬಿ ಚಾಕುವಿನ ಬೆನ್ನಿನಿಂದ ಅಂಚಿಗೆ ಸಮನಾಗಿ ಸವರಿದಾಗ 124 ಗ್ರಾಂ, ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ಮೊಗೆದಾಗ 147 ಗ್ರಾಂ ಬಂತು. ಮೂರು ಕಪ್ ಬೇಡುವ ಕೇಕಿನಲ್ಲಿ ಕೊನೆಯ ಎರಡು ಬಗೆಗಳ ನಡುವೆಯೇ 69 ಗ್ರಾಂ ವ್ಯತ್ಯಾಸವಾಗುತ್ತದೆ. ಕೇಕ್ ಗಟ್ಟಿಯಾಗಿ ಒಣಗಿದಂತಾಗಲು ಅಷ್ಟು ಸಾಕು. ಆದ್ದರಿಂದ ಬರೆದವರು ತಾವು ಹೇಗೆ ತುಂಬುತ್ತೇವೆಂದು ಎಲ್ಲಾದರೂ ಹೇಳಿದ್ದಾರೆಯೇ ಎಂದು ಮೊದಲು ಹುಡುಕಿ. ಹೇಳಿಲ್ಲವಾದರೆ 125 ಗ್ರಾಂನಿಂದ ಆರಂಭಿಸಿ, ಫಲಿತಾಂಶ ನೋಡಿ ತಿದ್ದಿ, ಆ ಅಂಕಿಯನ್ನು ವಿಧಾನದ ಪಕ್ಕದಲ್ಲೇ ಬರೆದಿಡಿ. ಹರಳು ಸಕ್ಕರೆಗೆ ಈ ತೊಂದರೆ ಇಲ್ಲ, ಅದು ಹೆಚ್ಚು ಒತ್ತಿಕೊಳ್ಳುವುದಿಲ್ಲ. ಕಪ್ಪಿಗೆ 200 ಗ್ರಾಂ ಎಂದು ಧೈರ್ಯವಾಗಿ ಹಿಡಿಯಬಹುದು.

ಎರಡನೆಯ ಉತ್ತರ: ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಪ್ ಎಂಬುದೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಕಪ್ ಸುಮಾರು 237 ಮಿಲಿ, ಆಸ್ಟ್ರೇಲಿಯದ್ದು 250, ಜಪಾನಿನದು 200. ದೊಡ್ಡ ಚಮಚವೂ ಹೆಚ್ಚಿನ ಕಡೆ 15 ಮಿಲಿ ಇದ್ದರೆ ಆಸ್ಟ್ರೇಲಿಯದಲ್ಲಿ 20 ಮಿಲಿ. ಔನ್ಸ್ ಎಂದಿದ್ದರಂತೂ ಅದು ತೂಕವೋ ದ್ರವದ ಅಳತೆಯೋ ಎಂದು ನೋಡಲೇಬೇಕು. ನೀರಿಗೆ ಎರಡೂ ಹತ್ತಿರ ಹತ್ತಿರ ಬರುವುದರಿಂದ ತಪ್ಪು ಗೊತ್ತಾಗುವುದಿಲ್ಲ, ಆದರೆ ಜೇನುತುಪ್ಪ ನೀರಿಗಿಂತ ಸುಮಾರು 1.4 ಪಟ್ಟು ಭಾರ. ಅಲ್ಲಿ ಲೆಕ್ಕ ಪೂರ್ತಿ ಕೆಡುತ್ತದೆ.

ಮೂರನೆಯ ಉತ್ತರ: ಎಲ್ಲವನ್ನೂ ತೂಗಲೇಬೇಕೆಂಬ ಹಟ ಬೇಡ ಎಂಬುದು ನನ್ನ ಅಭಿಪ್ರಾಯ. ಒಂದು ಗ್ರಾಂನ ಹಂತದಲ್ಲಿ ತೋರಿಸುವ ಅಡುಗೆಮನೆಯ ತಕ್ಕಡಿ ಎರಡು ಮೂರು ಗ್ರಾಂ ಯೀಸ್ಟನ್ನೋ ಅಡುಗೆ ಸೋಡಾವನ್ನೋ ನಂಬುವಷ್ಟು ನಿಖರವಾಗಿ ಹೇಳಲಾರದು. ಅಲ್ಲಿ ಅಳತೆಯ ಚಮಚವೇ ಮೇಲು. ಉಪ್ಪಿನಲ್ಲಿ ಮಾತ್ರ ಎಚ್ಚರ ಬೇಕು: ಒಂದು ಸಣ್ಣ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗಿದರೆ, ಪದರ ಪದರವಾದ ಹಗುರ ಉಪ್ಪು ಅದರ ಅರ್ಧದಷ್ಟೇ ತೂಗಬಹುದು. ಜೇನುತುಪ್ಪ, ಎಣ್ಣೆಗಳನ್ನು ಕಪ್ಪಿಗೆ ಸುರಿಯುವ ಬದಲು ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನೇರವಾಗಿ ಅದರೊಳಕ್ಕೇ ಸುರಿಯಿರಿ. ಕಪ್ಪಿನ ಗೋಡೆಗೆ ಅಂಟಿ ಉಳಿಯುವ ಪಾಲು ವ್ಯರ್ಥವಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಕೃತಜ್ಞತೆಗಳು. ಒಂದು ಮಿಲಿ ನೀರು ಒಂದು ಗ್ರಾಂ ತೂಗುವುದರಿಂದ, ಇಂದು ಬೆಳಿಗ್ಗೆ ನನ್ನ ಕಪ್ಪಿಗೆ ಅಂಚಿನವರೆಗೆ ನೀರು ತುಂಬಿ ತೂಗಿ ನೋಡಿದೆ. 249 ಗ್ರಾಂ ಬಂತು. ವಿಧಾನ ಅಮೆರಿಕದವರದು. ಅಂದರೆ ನಾನು ಇಷ್ಟು ದಿನ ಪ್ರತಿ ಕಪ್ಪಿಗೂ ಸುಮಾರು 12 ಮಿಲಿ ಹೆಚ್ಚಾಗಿಯೇ ಅಳೆಯುತ್ತಿದ್ದೆ, ಅದೂ ಡಬ್ಬಿಯೊಳಗೆ ಅದ್ದಿ ಮೊಗೆದು. ಈ ವಾರ 125 ಗ್ರಾಂನ ಲೆಕ್ಕದಲ್ಲಿ ಮಾಡಿ ಹೇಗಾಯಿತೆಂದು ತಿಳಿಸುತ್ತೇನೆ.