ಇಳಕಲ್ ಸೀರೆ ಮತ್ತು ಸೀಗಡಿ ಸಿಪ್ಪೆ
(ಬಾಗಲಕೋಟೆ ಬಿ.ಎಸ್ಸಿ 1996 ಗುಂಪು, ಭಾನುವಾರ)

ಸಂಗು: ಫಾರ್ವರ್ಡ್ ಬಂದಿದೆ, ಓದಿರಿ. "ಸೀಗಡಿ ಸಿಪ್ಪೆ ಮೇಲೆ ಬೆಳೆಸಿದ ಶಿಲೀಂಧ್ರದ ಕಿಣ್ವ! ತಣ್ಣೀರಲ್ಲೇ ಕಲೆ ಮಾಯ! ಎಲ್ಲ ಬಟ್ಟೆಗೂ!!"

ರಾಜು: ಅವ್ವನ ಮಡಿ ಸೀರೆ ಸೀಗಡಿ ನೀರಲ್ಲಿ ಅದ್ದಿದರೆ ನನ್ನನ್ನೇ ಮನೆಯಿಂದ ಹೊರಗೆ ಹಾಕುತ್ತಾಳೆ ಲೇ.

ಶೋಭಾ: ಸೀಗಡಿ ಬಟ್ಟೆಗೆ ಬರುವುದೇ ಇಲ್ಲ ರಾಜು. ಸಿಪ್ಪೆ ಬೂಷ್ಟಿಗೆ ಊಟ, ಅಷ್ಟೇ. ಅದರಲ್ಲಿ ಪ್ರೋಟೀನ್ ಇದೆ, ಕೈಟಿನ್ ಅನ್ನುವ ಗಟ್ಟಿ ನಾರಿನಂಥ ವಸ್ತು ಇದೆ. ಪ್ರೋಟೀನ್ ಅರಗಿಸಲು ಬೂಷ್ಟು ಪ್ರೋಟಿಯೇಸ್ ಬಿಡುತ್ತದೆ, ಕೈಟಿನ್ ಒಡೆಯಲು ಕೈಟಿನೇಸ್. ಈ ಕಿಣ್ವಗಳನ್ನು ಸೋಸಿ ತೆಗೆಯುತ್ತಾರೆ. ಬಟ್ಟೆಗೆ ಬೇಕಾದದ್ದು ಪ್ರೋಟಿಯೇಸ್. ರಕ್ತ, ಹಾಲು, ಮೊಟ್ಟೆ ಕಲೆಗೆ ಸರಿ. ಅರಿಶಿನಕ್ಕೆ ಏನೂ ಮಾಡಲ್ಲ.

ಇರ್ಫಾನ್: ಬೆಳಗಾವಿ ಮಾರ್ಕೆಟ್‌ನಿಂದ ಇವತ್ತೇ ಸೀಗಡಿ ತಂದೆ. ತಲೆ, ಸಿಪ್ಪೆ ತೆಗೆದರೆ ಉಳಿದದ್ದು ಅರ್ಧದಷ್ಟೇ. ಸುಮ್ನೆ ಸಿಪ್ಪೆ ಮೇಲೆ ವಿನೆಗರ್ ಹಾಕಿ ನೋಡಿದೆ, ಸಣ್ಣ ಗುಳ್ಳೆ ಎದ್ದವು.

ಶೋಭಾ: ಅದು ಕ್ಯಾಲ್ಸಿಯಂ ಕಾರ್ಬೊನೇಟ್, ನಮ್ಮ ಸುಣ್ಣದ ಕಲ್ಲಿನದ್ದೇ. ಪ್ರಾಕ್ಟಿಕಲ್‌ನಲ್ಲಿ ಮಾಡಿದ್ದೆವಲ್ಲ!

ಸಂಗು: ತಣ್ಣೀರಿನ ಮಾತು ಸುಳ್ಳಾ ಹಾಗಾದರೆ?

ಶೋಭಾ: ಅದು ನಿಜ. ಚಳಿ ಜಾಗದ ಬೂಷ್ಟುಗಳ ಕಿಣ್ವದ ಹೆಣಿಗೆ ಸಡಿಲ. ಹಾಗಾಗಿ ತಣ್ಣೀರಲ್ಲೂ ಅಲುಗಾಡಿ ಕೆಲಸ ಮಾಡುತ್ತದೆ. ಅದೇ ಸಡಿಲದಿಂದ ಬಿಸಿ ತಾಗಿದರೆ ಬೇಗ ಬಿಚ್ಚಿಕೊಂಡು ಕೆಡುತ್ತದೆ. ನಿಮ್ಮ ವಿಜಯಪುರದ ಮೇ ಬಿಸಿಲಲ್ಲಿ ಡಬ್ಬಿ ಇಟ್ಟರೆ ಅದರ ಕಥೆ ಮುಗಿಯಿತು. ನನ್ನ ಸಿಟ್ಟು "ಎಲ್ಲ ಬಟ್ಟೆಗೂ" ಅನ್ನುವುದರ ಮೇಲೆ.

ಸಂಗು: ಬರೆದವರಿಗಿಂತ ನೀನು ಜಾಸ್ತಿ ಬಲ್ಲೆಯಾ?

ಶೋಭಾ: ರೇಷ್ಮೆಯೂ ಪ್ರೋಟೀನೇ ಸಂಗು, ಉಣ್ಣೆಯೂ ಅಷ್ಟೇ. ಅವ್ವನ ಇಳಕಲ್ ಸೀರೆಯನ್ನು ಕಿಣ್ವ ಇರುವ ಪೌಡರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿದ್ದೆ. ಒಡಲು ಹತ್ತಿ, ಏನೂ ಆಗಲಿಲ್ಲ. ಸೆರಗು ಅಸಲಿ ರೇಷ್ಮೆ. ಕೊಂಡಿ ಹಾಕಿ ಸೇರಿಸಿದ ಗೆರೆಯಿಂದ ಆಚೆಗೆ ಹೊಳಪೇ ಹೋಯಿತು, ಬೆರಳಾಡಿಸಿದರೆ ಎಳೆ ನವಿರೆದ್ದಿತ್ತು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ "ರೇಷ್ಮೆಗೆ ಬೇಡ" ಅಂತ ಇತ್ತು. ನಾನು ಓದಿರಲಿಲ್ಲ.

ರಾಜು: ಅವ್ವ ಏನಂದರು?

ಶೋಭಾ: ಏನೂ ಅನ್ನಲಿಲ್ಲ. ಅದೇ ಕಷ್ಟ.

ಇರ್ಫಾನ್: ಸಂಗು, ಆ ಫಾರ್ವರ್ಡ್ ಅಳಿಸು.

ಸಂಗು: ಇಲ್ಲಿ ಅಳಿಸಬಹುದು. ಬೀಗರ ಗುಂಪಿಗೂ ಕಳಿಸಿಬಿಟ್ಟಿದ್ದೇನೆ. ಅತ್ತೆ "ಇದು ಎಲ್ಲಿ ಸಿಗುತ್ತದೆ, ಎಷ್ಟು?" ಅಂತ ಮೂರು ಸಲ ಕೇಳಿದ್ದಾರೆ.

ಶೋಭಾ: ಅವರಿಗೆ ಮೊದಲು ಫೋನ್ ಮಾಡು ಮಾರಾಯ. ನಾಳೆ ಮದುವೆ ಇದೆ ಅಂದಿದ್ದೆ ಅಲ್ವಾ?