ಪ್ರಶ್ನೋತ್ತರ: ಗಿಟಾರ್ ತಯಾರಕರ ಮೊದಲ ಪಿಟೀಲು, ಮೂರೇ ವಾರದಲ್ಲಿ ಮೇಲೆದ್ದ ತಂತಿ

ಗುಂಪಿನ ನಿರ್ವಾಹಕರು: ಪಿಟೀಲು ತಯಾರಿಕೆ ಮತ್ತು ರಿಪೇರಿಯಲ್ಲಿ ಮೂವತ್ತು ವರ್ಷ ಕಳೆದಿರುವ ನಮ್ಮ ಮೇಷ್ಟ್ರು ಈ ವಾರ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಕೇಳಿದ್ದನ್ನೇ ಮತ್ತೆ ಕೇಳಬೇಡಿರೆಂದು ವಿನಂತಿ.

ಗಿಟಾರ್ ತಯಾರಕರು, ಬೆಂಗಳೂರು: ಮೇಷ್ಟ್ರಿಗೆ ನಮಸ್ಕಾರ. ಹನ್ನೊಂದು ವರ್ಷಗಳಿಂದ ಕೈಯಲ್ಲೇ ಗಿಟಾರ್ ಮಾಡುತ್ತಿರುವ ನಾನು ಈ ವರ್ಷ ಮೊದಲ ಬಾರಿಗೆ ಒಂದು ಪಿಟೀಲು ಮಾಡಿದ್ದೇನೆ. ಮೇಲ್ಹಲಗೆ ಸ್ಪ್ರೂಸ್, ಹಿಂಹಲಗೆ, ಪಕ್ಕಪಟ್ಟಿ ಮತ್ತು ಕತ್ತು ಮೇಪಲ್. ವಾರ್ನಿಷ್ ಹಚ್ಚುವ ಮೊದಲೇ ತಂತಿ ಕಟ್ಟಿ ನೋಡಿದೆ. ಮೊದಲ ವಾರ ನಾದ ಎಷ್ಟು ತುಂಬಿ ಬಂತೆಂದರೆ, ಕರ್ನಾಟಕ ಸಂಗೀತ ನುಡಿಸುವ ನನ್ನ ಅತ್ತಿಗೆಯವರು ತಮ್ಮ ಹಳೆಯ ವಾದ್ಯವನ್ನು ಪೆಟ್ಟಿಗೆಯಲ್ಲೇ ಬಿಟ್ಟರು. ಆದರೆ ಕಟ್ಟಿದ ದಿನ, ಬೆರಳೊತ್ತುವ ಪಟ್ಟಿಯಾದ ಫಿಂಗರ್‌ಬೋರ್ಡಿನ ತುದಿಯಲ್ಲಿ ದಪ್ಪ ತಂತಿ 5.5 ಮಿ.ಮೀ., ತೆಳು ತಂತಿ 3.5 ಮಿ.ಮೀ. ಎತ್ತರದಲ್ಲಿದ್ದದ್ದು ಈಗ 7 ಮತ್ತು 5 ಆಗಿದೆ. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ (ಬ್ರಿಡ್ಜ್) ತಲೆಯನ್ನು 1.5 ಮಿ.ಮೀ. ತರಿದರೆ ಸರಿಹೋಗುವುದೇ?

ಮೇಷ್ಟ್ರು: ಕುದುರೆಗೆ ಕೈ ಹಾಕಬೇಡಿ. ಮೊದಲು ಮೂರು ವಿಷಯ ತಿಳಿಸಿ. ಒಳಗಿನ ಕಡ್ಡಿ, ಅಂದರೆ ಸೌಂಡ್ ಪೋಸ್ಟ್, ನಿಲ್ಲುವ ಜಾಗದಲ್ಲಿ ಮೇಲ್ಹಲಗೆಯ ದಪ್ಪ ಎಷ್ಟು? ಅದನ್ನು ಪಕ್ಕಪಟ್ಟಿಗೆ ಯಾವ ಅಂಟಿನಿಂದ ಕೂರಿಸಿದ್ದೀರಿ? ತೆಳು ತಂತಿಯ ಬದಿಯ ಎಫ್ ರಂಧ್ರದಲ್ಲಿ (ಮೇಲ್ಹಲಗೆಯಲ್ಲಿ f ಅಕ್ಷರದಂತೆ ಕೊರೆದ ಕಿಂಡಿ) ಒಂದು ಅಂಚು ಇನ್ನೊಂದಕ್ಕಿಂತ ಮೇಲೆದ್ದಿದೆಯೇ?

ಸದಸ್ಯೆ, ಮೈಸೂರು: ಸರ್, ನನ್ನ ಪಿಟೀಲಿನ ಬಿರಡೆಗಳು ಶ್ರುತಿ ಮಾಡಿದ ಕೂಡಲೇ ಜಾರುತ್ತವೆ. ಏನು ಮಾಡಬೇಕು?

ಮೇಷ್ಟ್ರು: ಬಿರಡೆಯನ್ನು ಹೊರತೆಗೆದು, ತೂತಿಗೆ ತಾಗುವ ಎರಡು ಹೊಳೆಯುವ ಪಟ್ಟೆಗಳ ಮೇಲೆ ಒಣ ಸೋಪನ್ನು ತೆಳುವಾಗಿ ಉಜ್ಜಿ, ಅದರ ಮೇಲೆ ಸೀಮೆಸುಣ್ಣ ಉಜ್ಜಿ, ಒಳಕ್ಕೆ ಒತ್ತುತ್ತಲೇ ತಿರುಗಿಸಿ. ತಂತಿಯ ಸುತ್ತುಗಳು ಬಿರಡೆ ಕೂರುವ ಪೆಟ್ಟಿಗೆಯ ಗೋಡೆಯತ್ತ ಬರುವಂತೆ ಸುತ್ತಿರಬೇಕು. ಆಗಲೂ ಜಾರಿದರೆ ಬಿರಡೆಗೂ ತೂತಿಗೂ ಹೊಂದಿಕೆ ತಪ್ಪಿದೆ ಎಂದರ್ಥ. ಇವೆರಡೂ 30ಕ್ಕೆ 1ರ ಪ್ರಮಾಣದಲ್ಲಿ ಸಣ್ಣಗಾಗುತ್ತಾ ಹೋಗಬೇಕು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಸದಸ್ಯರು, ದಾವಣಗೆರೆ: ನನಗೆ ಬಂದ ಒಂದು ಸಂದೇಶವನ್ನು ಎಲ್ಲರ ಉಪಯೋಗಕ್ಕಾಗಿ ಹಂಚುತ್ತಿದ್ದೇನೆ. ಬಿರಡೆ ಜಾರಿದರೆ ಕಮಾನಿಗೆ ಹಚ್ಚುವ ರಾಳವನ್ನು ಪುಡಿ ಮಾಡಿ ಹಾಕಬೇಕು. ಪಿಟೀಲಿನ ಒಳಭಾಗಕ್ಕೆ ಅರಿಶಿನ ಬೆರೆಸಿದ ಕೊಬ್ಬರಿ ಎಣ್ಣೆ ಲೇಪಿಸಿದರೆ ನಾದ ಮಾಗುತ್ತದೆ, ಹುಳುವೂ ಹಿಡಿಯುವುದಿಲ್ಲ.

ಮೇಷ್ಟ್ರು: ರಾಳ ಹಾಕಿದ ಬಿರಡೆ ಅಂಟಿಕೊಳ್ಳುತ್ತದೆ, ಆಮೇಲೆ ಜಗ್ಗಿ ಜಗ್ಗಿ ತಿರುಗುತ್ತದೆ, ಕೊನೆಗೆ ಬಲ ಹಾಕಿದವರ ಕೈಯಲ್ಲೇ ಮುರಿಯುತ್ತದೆ. ಒಳಗೆ ಎಣ್ಣೆ ಹಚ್ಚಿದ ಮರಕ್ಕೆ ಮುಂದೆ ಬಿರುಕು ಬಂದರೆ ಅಂಟು ಹಿಡಿಯುವುದಿಲ್ಲ. ಎಣ್ಣೆ ಕುಡಿದ ಪಿಟೀಲುಗಳು ನನ್ನ ಮೇಜಿನ ಮೇಲೆ ಬಂದಾಗ ಅವುಗಳ ಮಾಲೀಕರಿಗೆ ಹೇಳಲು ನನ್ನ ಬಳಿ ಸಮಾಧಾನದ ಮಾತೇ ಇರುವುದಿಲ್ಲ. ದಯವಿಟ್ಟು ಆ ಸಂದೇಶವನ್ನು ಅಳಿಸಿ.

ಗಿಟಾರ್ ತಯಾರಕರು, ಬೆಂಗಳೂರು: ಮೇಷ್ಟ್ರೇ, ಅಳೆದು ನೋಡಿದೆ. ಪೋಸ್ಟಿನ ಜಾಗದಲ್ಲಿ 2.1 ಮಿ.ಮೀ., ಕತ್ತಿನ ಕಡೆಯ ಅಗಲದಲ್ಲಿ 1.9 ಮಿ.ಮೀ. ಇದೆ. ಗಿಟಾರಿಗೆ ಮಾಡುವಂತೆಯೇ ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ತಟ್ಟುತ್ತಾ, ಗಂಟೆಯಂತೆ ನುಡಿಯುವವರೆಗೆ ತೆಳುವಾಗಿಸಿದ್ದೆ. ಅಂಟು, ನಾನು ಎಲ್ಲದಕ್ಕೂ ಬಳಸುವ ಮರಗೆಲಸದ ಹಳದಿ ಅಂಟು. ಎಫ್ ರಂಧ್ರದ ಒಳ ಅಂಚು ಹೊರ ಅಂಚಿಗಿಂತ ಸುಮಾರು 1 ಮಿ.ಮೀ. ಮೇಲಿದೆ. ಮೊದಲು ಹೀಗಿರಲಿಲ್ಲ.

ಮೇಷ್ಟ್ರು: ನಾನು ಹೆದರಿದ್ದು ಇದಕ್ಕೇ. ಇವತ್ತೇ ತಂತಿಗಳನ್ನು ಸಡಿಲಿಸಿ. ಒಂದನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗಬೇಡಿ. ನಾಲ್ಕನ್ನೂ ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ. ಒಳಗೆ ಪೋಸ್ಟ್ ಬಿದ್ದರೆ ಬೀಳಲಿ.

ನಿಮ್ಮ ಕೈಚಳಕದಲ್ಲಿ ದೋಷವಿಲ್ಲ. ಗಿಟಾರಿನಲ್ಲಿ ನಿಮ್ಮನ್ನು ಕಾಪಾಡುವ ಅಭ್ಯಾಸವೇ ಇಲ್ಲಿ ಕೈಕೊಟ್ಟಿದೆ. ಗಿಟಾರಿನ ಮೇಲ್ಹಲಗೆ ಬಹುಮಟ್ಟಿಗೆ ಚಪ್ಪಟೆಯಾಗಿರುತ್ತದೆ, ಕುದುರೆ ಅದಕ್ಕೆ ಅಂಟಿಕೊಂಡಿರುತ್ತದೆ, ತಂತಿಗಳು ಆ ಕುದುರೆಯನ್ನು ಎಳೆದು ತಿರುಚುವ ಭಾರವನ್ನು ಒಳಗಿನ ಪಟ್ಟಿಗಳು ಹೊರುತ್ತವೆ. ಆದ್ದರಿಂದ ಅಲ್ಲಿ ಹಲಗೆಯನ್ನು ತೆಳುವಾಗಿಸಿ ಪಟ್ಟಿಗಳಿಂದ ಹದ ಮಾಡಬಹುದು. ಪಿಟೀಲಿನ ಒಳಗೆ ಇರುವುದು ದಪ್ಪ ತಂತಿಯ ಬದಿಗೆ ಸುಮಾರು 270 ಮಿ.ಮೀ. ಉದ್ದದ, ಬೇಸ್ ಬಾರ್ ಎಂಬ ಒಂದು ಮರದ ಪಟ್ಟಿ, ತೆಳು ತಂತಿಯ ಬದಿಗೆ ಅಂಟಿಸದೆ ನಿಲ್ಲಿಸಿದ 6 ಮಿ.ಮೀ. ದಪ್ಪದ ಒಂದು ಕಡ್ಡಿ, ಅಂದರೆ ಸೌಂಡ್ ಪೋಸ್ಟ್, ಅಷ್ಟೇ. ಪಾಶ್ಚಾತ್ಯ ಶ್ರುತಿಯಲ್ಲಿ ನಾಲ್ಕು ತಂತಿಗಳ ಒಟ್ಟು ಸೆಳೆತ 22ರಿಂದ 25 ಕೆ.ಜಿ. ಆಗುತ್ತದೆ. ಕುದುರೆಯ ಮೇಲೆ ತಂತಿ ಸುಮಾರು 158 ಡಿಗ್ರಿ ಕೋನದಲ್ಲಿ ಬಾಗುವುದರಿಂದ ಅದರಲ್ಲಿ 8–9 ಕೆ.ಜಿ. ನೇರವಾಗಿ ಕೆಳಕ್ಕೆ ಒತ್ತುತ್ತದೆ. ಅದೇ ಹೊತ್ತಿಗೆ ಕತ್ತು ಮುಂದಕ್ಕೆ ಬಾಗಲು ಹವಣಿಸುತ್ತಾ ಮೇಲ್ಹಲಗೆಯನ್ನು ಉದ್ದಕ್ಕೆ ಅಮುಕುತ್ತಿರುತ್ತದೆ. ಇದನ್ನೆಲ್ಲ ತಾಳಿಕೊಳ್ಳುವುದು ಸುಮಾರು 15 ಮಿ.ಮೀ. ಎತ್ತರದ ಆ ಉಬ್ಬು ಮತ್ತು ಹಲಗೆಯ ದಪ್ಪ ಮಾತ್ರ.

ನಿಮ್ಮ ವಾದ್ಯದಲ್ಲಿ ಎರಡೂ ಸೋತಿವೆ. ಪೋಸ್ಟಿನ ಮೇಲಿನ ತೆಳು ಮರ ಉಬ್ಬಿ ಎಫ್ ರಂಧ್ರದ ಅಂಚು ಎದ್ದಿದೆ. ಕತ್ತಿನ ಕಡೆಯ ತೆಳು ಮರ ಅಮುಕಿಹೋಗಿ ಕತ್ತು ಮುಂದಕ್ಕೆ ಬಂದಿದೆ. ಫಿಂಗರ್‌ಬೋರ್ಡಿನ ಮೇಲೆ ನೇರ ಪಟ್ಟಿಯಿಟ್ಟು ಕುದುರೆಯವರೆಗೆ ಚಾಚಿ ನೋಡಿ. ಆ ಗೆರೆ ಹಲಗೆಯಿಂದ 27 ಮಿ.ಮೀ. ಎತ್ತರದಲ್ಲಿ ಕುದುರೆಯನ್ನು ಮುಟ್ಟಬೇಕು. ನಿಮ್ಮದರಲ್ಲಿ 25ರ ಆಸುಪಾಸಿಗೆ ಇಳಿದಿರುತ್ತದೆ. ಕುದುರೆ ತರಿದರೆ ಮುಂದಿನ ತಿಂಗಳು ಮತ್ತೆ ತರಿಯಬೇಕಾಗುತ್ತದೆ. ಮೊದಲ ವಾರ ಕೇಳಿದ ತುಂಬು ನಾದ ಈ ದೌರ್ಬಲ್ಯದ್ದೇ. ತೆಳು ಹಲಗೆ ಹೊಸದರಲ್ಲಿ ಎಲ್ಲರನ್ನೂ ಮೋಸಗೊಳಿಸುತ್ತದೆ. ನನ್ನ ಎರಡನೆಯ ಪಿಟೀಲು ನನ್ನನ್ನೂ ಮೋಸಗೊಳಿಸಿತ್ತು.

ಸದಸ್ಯರು, ಹುಬ್ಬಳ್ಳಿ: ಕಮಾನಿಗೆ ಹೊಸ ಕೂದಲು ಹಾಕುವವರು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಇದ್ದಾರೆಯೇ?

ನಿವೃತ್ತ ಅಧ್ಯಾಪಕರು, ಶಿವಮೊಗ್ಗ: ಬೇಸರ ಮಾಡಿಕೊಳ್ಳಬಾರದು, ಆದರೆ ಗಿಟಾರ್ ಮಾಡುವವರು ಗಿಟಾರನ್ನೇ ಮಾಡಿಕೊಂಡಿರುವುದು ಒಳ್ಳೆಯದು. ಪಿಟೀಲು ವಂಶಪರಂಪರೆಯ ವಿದ್ಯೆ.

ಸದಸ್ಯರು, ಮಂಗಳೂರು: ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿಯೇ ಗಿಟಾರ್ ಮಾಡಿದ್ದನೆಂಬುದು ತಮಗೆ ಗೊತ್ತಿರಲಿಕ್ಕಿಲ್ಲ. 1679ರ ಸಾಬಿಯೊನಾರಿ ಎಂಬ ಗಿಟಾರ್ ಇಂದಿಗೂ ಉಳಿದಿದೆ. 1688ರದ್ದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ.

ನಿವೃತ್ತ ಅಧ್ಯಾಪಕರು, ಶಿವಮೊಗ್ಗ: ಪಿಟೀಲು ಮಾಡುವವನು ಗಿಟಾರ್ ಮಾಡುವುದು ಬೇರೆ, ಗಿಟಾರ್ ಮಾಡುವವನು ಪಿಟೀಲು ಮಾಡುವುದು ಬೇರೆ. ಇದು ನಿಮಗೆ ಅರ್ಥವಾಗದಿದ್ದರೆ ನಾನು ನಿರುಪಾಯ.

ಸದಸ್ಯರು, ಮಂಗಳೂರು: ತಮ್ಮ ಅಧ್ಯಾಪನ ಇನ್ನೂ ನಿವೃತ್ತವಾದಂತಿಲ್ಲ.

ಮೇಷ್ಟ್ರು: ಇಬ್ಬರೂ ಸ್ವಲ್ಪ ತಡೆಯಿರಿ. ಸ್ಟ್ರಾಡಿವರಿ ಮಾಡಿದ್ದು ಐದು ಜೋಡಿ ಕರುಳಿನ ತಂತಿಗಳ ಹಳೆಯ ಗಿಟಾರ್, ಇಂದಿನ ಗಿಟಾರ್ ಅಲ್ಲ. ಆದ್ದರಿಂದ ಅದು ಇಲ್ಲಿ ಯಾರ ಪರವಾಗಿಯೂ ಸಾಕ್ಷಿ ನುಡಿಯುವುದಿಲ್ಲ. ಗಿಟಾರ್ ಮಾಡಿದ ಕೈಗೆ ಪಕ್ಕಪಟ್ಟಿಯನ್ನು ಬಿಸಿ ಕೊಳವೆಯ ಮೇಲೆ ಬಾಗಿಸುವುದು ಗೊತ್ತು, ಮರದ ಎಳೆ ಓದುವುದು ಗೊತ್ತು, ಉಳಿ ಮಸೆಯುವುದು ಗೊತ್ತು. ಗೊತ್ತಿಲ್ಲದ್ದು ಉಬ್ಬು ಮತ್ತು ಅಂಟು. ಅಂಟಿನ ವಿಷಯ ಬರೆಯುವುದು ಬಾಕಿಯಿದೆ, ರಾತ್ರಿ ಬರೆಯುತ್ತೇನೆ.

ಸದಸ್ಯರು, ತುಮಕೂರು: ವೀಣೆಗೆ ಹಲಸಿನ ಮರ ಸಾಕಾಗುವಾಗ ಪಿಟೀಲಿಗೆ ವಿದೇಶದ ಸ್ಪ್ರೂಸ್ ಏಕೆ ಬೇಕು?

ಮೇಷ್ಟ್ರು: ಸ್ಪ್ರೂಸ್ ಹಗುರ, ಆದರೂ ಎಳೆಯ ಉದ್ದಕ್ಕೆ ಬಹಳ ಬಿಗಿ. ಹಲಸು ಅಷ್ಟು ಹಗುರವಲ್ಲ.

ಸದಸ್ಯರು, ತುಮಕೂರು: ಇದು ಉತ್ತರವಾಗಲಿಲ್ಲ.

ಸದಸ್ಯೆ, ಹಾಸನ: ನನ್ನ ಮಗನ ಪಿಟೀಲಿನ ಬಿರಡೆ ಜಾರುತ್ತದೆ, ಪರಿಹಾರ ತಿಳಿಸಿ.

ಮೇಷ್ಟ್ರು: ಮೇಲೆ ಬರೆದಿದ್ದೇನೆ.

ಗಿಟಾರ್ ತಯಾರಕರು, ಬೆಂಗಳೂರು: ತಂತಿ ಇಳಿಸಿದ್ದೇನೆ ಮೇಷ್ಟ್ರೇ. ಒಂದು ಸಂದೇಹ. ಅತ್ತಿಗೆಯವರು ಷಡ್ಜ-ಪಂಚಮ-ಷಡ್ಜ-ಪಂಚಮಕ್ಕೆ, ಪಾಶ್ಚಾತ್ಯ ಶ್ರುತಿಗಿಂತ ಕೆಳಗೇ ಕಟ್ಟಿಕೊಳ್ಳುತ್ತಾರೆ. ಅಷ್ಟು ಸೆಳೆತವನ್ನು ಈ ಹಲಗೆ ತಡೆಯಲಾರದೇ?

ಮೇಷ್ಟ್ರು: ಒಳ್ಳೆಯ ಪ್ರಶ್ನೆ. ಅದೇ ತಂತಿಯನ್ನು ಒಂದು ಸ್ವರದಷ್ಟು ಇಳಿಸಿದರೆ ಸೆಳೆತ ಸುಮಾರು ಐದನೆಯ ಒಂದು ಭಾಗ ಕಡಿಮೆಯಾಗುತ್ತದೆ. ಆದರೆ ಕೆಳಗಿನ ಶ್ರುತಿಯಲ್ಲಿ ತಂತಿ ಸಡಿಲವೆನಿಸಿ ಕೆಲವರು ದಪ್ಪ ತಂತಿ ಹಾಕುತ್ತಾರೆ. ಆಗ ಭಾರ ಮತ್ತೆ ಏರುತ್ತದೆ. ಅಲ್ಲದೆ ಒಮ್ಮೆ ಬಾಗಲು ಶುರುವಾದ ಮರ ಕಡಿಮೆ ಭಾರದಲ್ಲೂ ನಿಧಾನವಾಗಿ ಬಾಗುತ್ತಲೇ ಇರುತ್ತದೆ. ನಿಮ್ಮ ಮಳೆಗಾಲ ಇನ್ನೂ ಬಂದಿಲ್ಲ. ತೇವದಲ್ಲಿ ಅದು ಇನ್ನಷ್ಟು ಬೇಗ ನಡೆಯುತ್ತದೆ.

ನಿವೃತ್ತ ಅಧ್ಯಾಪಕರು, ಶಿವಮೊಗ್ಗ: ಹಾಗಾದರೆ ಮೈಸೂರು ಚೌಡಯ್ಯನವರು ಏಳು ತಂತಿ ಕಟ್ಟಿದಾಗ ವಾದ್ಯ ಕುಸಿಯಲಿಲ್ಲವಲ್ಲ?

ಮೇಷ್ಟ್ರು: ಅವರ ಕಾಲದಲ್ಲಿ ಧ್ವನಿವರ್ಧಕ ಎಲ್ಲೆಡೆ ಇರಲಿಲ್ಲ, ಸಭೆಯ ಕೊನೆಯವರೆಗೆ ನಾದ ಮುಟ್ಟಲೆಂದು ತಂತಿ ಹೆಚ್ಚಿಸಿದರು. ಹೆಚ್ಚು ತಂತಿಗೆ ಹೆಚ್ಚು ಭಾರ, ಹೆಚ್ಚು ಭಾರಕ್ಕೆ ಗಟ್ಟಿ ಹಲಗೆ. ನೀವು ಹೇಳಿದ್ದು ನನ್ನ ಮಾತಿಗೇ ಬೆಂಬಲ.

ಸದಸ್ಯರು, ದಾವಣಗೆರೆ: ಸ್ಟ್ರಾಡಿವರಿಯ ವಾರ್ನಿಷಿನಲ್ಲಿ ಮೊಟ್ಟೆಯ ಬಿಳಿ, ಜೇನು ಮತ್ತು ಒಂದು ಗುಪ್ತ ಮೂಲಿಕೆ ಇತ್ತೆಂಬ ಇನ್ನೊಂದು ಸಂದೇಶ ಬಂದಿದೆ. ಅದನ್ನು ಹಚ್ಚಿದರೆ ತೆಳು ಹಲಗೆ ಗಟ್ಟಿಯಾಗುತ್ತದಂತೆ.

ಮೇಷ್ಟ್ರು: ಆಗುವುದಿಲ್ಲ. ಅವನ ಐದು ವಾದ್ಯಗಳ ವಾರ್ನಿಷನ್ನು ಪರೀಕ್ಷಿಸಿದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕಂಡದ್ದು ಒಣಗುವ ಎಣ್ಣೆ, ಪೈನ್ ಜಾತಿಯ ಮರದ ರಾಳ ಮತ್ತು ಬಣ್ಣ. ಬಣ್ಣಗಾರರಿಗೆಲ್ಲ ಗೊತ್ತಿದ್ದ ಸಾಮಗ್ರಿ. ಮೂಲಿಕೆಯನ್ನು ಹುಡುಕುವುದು ಬಿಟ್ಟು ಒಂದು ಅಳತೆ ಕಾಲಿಪರ್ ಕೊಳ್ಳಿ. ಇನ್ನೊಂದು ಸಂದೇಶ ಹಂಚಿದರೆ ನಾನು ಉತ್ತರಿಸುವುದನ್ನೇ ನಿಲ್ಲಿಸುತ್ತೇನೆ.

ಸದಸ್ಯರು, ದಾವಣಗೆರೆ: ಒಳ್ಳೆಯ ಉದ್ದೇಶದಿಂದ ಹಂಚಿದ್ದಕ್ಕೆ ಇಷ್ಟು ಸಿಟ್ಟೇ?

ಸದಸ್ಯರು, ಮಂಗಳೂರು: ಉದ್ದೇಶದಿಂದ ಹಲಗೆ ಗಟ್ಟಿಯಾಗುವುದಿಲ್ಲ ಸ್ವಾಮಿ.

ಸದಸ್ಯೆ, ಉಡುಪಿ: ಎಂಟು ವರ್ಷದ ಮಗುವಿಗೆ ಅರ್ಧ ಅಳತೆಯ ಪಿಟೀಲು ಕೊಳ್ಳಬೇಕೋ ಮುಕ್ಕಾಲು ಅಳತೆಯದೋ?

ಮೇಷ್ಟ್ರು: ಬೆಂಗಳೂರಿನವರಿಗೆ, ಅಂಟಿನ ವಿಷಯ. ಪಿಟೀಲಿನ ಮೇಲ್ಹಲಗೆಯನ್ನು ಮುಂದೊಂದು ದಿನ ತೆರೆಯಬೇಕೆಂಬ ಲೆಕ್ಕದಲ್ಲೇ ಕೂರಿಸುವುದು ವಾಡಿಕೆ. ಅದಕ್ಕಾಗಿ ನಮ್ಮ ಹಳೆಯ ಬಡಗಿಗಳು ಮರವಜ್ರ ಎನ್ನುತ್ತಿದ್ದಂಥ ಪ್ರಾಣಿಚರ್ಮದ ಅಂಟನ್ನು ಸುಮಾರು 60 ಡಿಗ್ರಿಯಲ್ಲಿ ಬಿಸಿಯಾಗಿಟ್ಟು, ಮೇಲ್ಹಲಗೆಗೆ ಮಾತ್ರ ತೆಳುವಾಗಿ ಬಳಸುತ್ತೇವೆ. ಮರ ಕುಗ್ಗಿದಾಗ ಬಿರುಕು ಬಿಡುವ ಮೊದಲೇ ಆ ಜೋಡಣೆ ಬಿಟ್ಟುಕೊಳ್ಳುತ್ತದೆ, ತೆಳು ಚಾಕುವಿಗೆ ಟಕ್ಕೆಂದು ಬಿಡುತ್ತದೆ. ನಿಮ್ಮ ಹಳದಿ ಅಂಟು ಹಾಗೆ ಬಿಡುವುದಿಲ್ಲ. ಸ್ಪ್ರೂಸನ್ನೇ ಕಿತ್ತುಕೊಂಡು ಬರುತ್ತದೆ. ಚಾಕುವನ್ನು ಸ್ವಲ್ಪ ಬಿಸಿ ಮಾಡಿ, ಒಂದೊಂದು ಅಂಗುಲ ಸರಿಸುತ್ತಾ ತೆರೆಯಿರಿ, ಒಂದು ದಿನವಾದರೂ ಆಗಲಿ. ಹೇಗಿದ್ದರೂ ಈ ಮೇಲ್ಹಲಗೆ ಹೋಯಿತು, ನೀವು ಕಾಪಾಡಬೇಕಾದದ್ದು ಪಕ್ಕಪಟ್ಟಿಗಳನ್ನು. ಅವು 1 ಮಿ.ಮೀ. ದಪ್ಪವಷ್ಟೇ.

ಗಿಟಾರ್ ತಯಾರಕರು, ಬೆಂಗಳೂರು: ಒಳಗೆ ತೇಪೆ ಹಾಕಿ ಉಳಿಸಿಕೊಳ್ಳಲಾಗದೇ? ಎರಡು ತಿಂಗಳ ಕೆತ್ತನೆ ಅದು.

ಮೇಷ್ಟ್ರು: ಪೋಸ್ಟಿನ ಜಾಗ ಒಂದೇ ಆಗಿದ್ದರೆ ತೇಪೆ ಹಾಕಿ ಎನ್ನುತ್ತಿದ್ದೆ. ಕತ್ತಿನ ಕಡೆಯೂ 1.9 ಇರುವಾಗ ಎಲ್ಲೆಲ್ಲಿ ತೇಪೆ ಹಾಕುತ್ತೀರಿ?

ಸದಸ್ಯರು, ಕೋಲಾರ: ಬಿರಡೆ ಜಾರಿದರೆ ಏನು ಮಾಡಬೇಕು ಸರ್?

ಗಿಟಾರ್ ತಯಾರಕರು, ಬೆಂಗಳೂರು: ಐದು ಗಂಟೆ ಹಿಡಿಯಿತು, ಮೇಲ್ಹಲಗೆ ಬಂತು. ಎರಡು ಕಡೆ ಸ್ಪ್ರೂಸ್ ಕಿತ್ತು ಪಕ್ಕಪಟ್ಟಿಗೇ ಉಳಿದಿದೆ, ಪಕ್ಕಪಟ್ಟಿಗಳು ಕ್ಷೇಮ. ಹೊಸ ಹಲಗೆಗೆ ಸ್ಪ್ರೂಸ್ ತೆಗೆದಿಟ್ಟಿದ್ದೇನೆ. ಎಷ್ಟು ದಪ್ಪ ಇಡಲಿ?

ಮೇಷ್ಟ್ರು: ಪೋಸ್ಟಿನ ಸುತ್ತ 3.2, ಉಳಿದೆಡೆ 2.7ರಲ್ಲಿ ನಿಲ್ಲಿಸಿ. ತಟ್ಟಿ ಕೇಳುವ ಆಸೆಯಾದರೆ ಆ ಹಲಗೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ. ಕೂರಿಸುವ ಮೊದಲು ಪಕ್ಕಪಟ್ಟಿಯ ಅಂಚಿನಿಂದ ಹಳದಿ ಅಂಟಿನ ಪೊರೆಯನ್ನು ಬರಿಯ ಮರ ಕಾಣುವವರೆಗೆ ಹೆರೆದು ತೆಗೆಯಿರಿ. ಆ ಪೊರೆಯ ಮೇಲೆ ಬಿಸಿ ಅಂಟು ಹಿಡಿಯುವುದಿಲ್ಲ. ಕತ್ತಿನ ಕೋನವನ್ನು ಹಲಗೆ ಕೂತ ಮೇಲೆ ಮತ್ತೆ ಅಳೆದು ತಿಳಿಸಿ. ಬಿರಡೆಯ ಬಗ್ಗೆ ಕೇಳಿರುವವರು ಮೇಲಕ್ಕೆ ಹೋಗಿ ಓದಿಕೊಳ್ಳಿ.