ಹೊರಗೆ ಆಡದ ಮಕ್ಕಳು, ಏರುತ್ತಿರುವ ಕನ್ನಡಕದ ನಂಬರ್: ಮಕ್ಕಳ ಕಣ್ಣಿನ ಡಾಕ್ಟರನ್ನು ಕೇಳಿ

ಬೆಂಗಳೂರಿನ ಅಪ್ಪ: ನಮಸ್ತೆ ಮೇಡಂ. ಮಗನಿಗೆ 8 ವರ್ಷ, ಈ ಸಲ ಮೈನಸ್ 1.5 ಬಂದಿದೆ. ಶಾಲೆ, ಟ್ಯೂಷನ್, ಆಮೇಲೆ ಮೊಬೈಲ್. ಹೊರಗೆ ಆಡಿಸಿದರೆ ನಂಬರ್ ಹೋಗುತ್ತಾ?

ಡಾಕ್ಟರ್: ನಮಸ್ತೆ. ಹೋಗುವುದಿಲ್ಲ. ದೂರದ್ದು ಮಸುಕಾಗುವ ಈ ಮೈನಸ್ ನಂಬರ್ ಸಾಮಾನ್ಯವಾಗಿ ಬರುವುದು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದಾಗ. ಹಾಗೆ ಬೆಳೆದ ಕಣ್ಣುಗುಡ್ಡೆ ಮತ್ತೆ ಚಿಕ್ಕದಾಗುವುದಿಲ್ಲ. ಬಯಲಾಟದಿಂದ ಜಾಸ್ತಿ ಲಾಭ ನಂಬರ್ ಬರುವ ಮೊದಲೇ. ಆದರೂ ದಿನಕ್ಕೆ ಎರಡು ಗಂಟೆ ಹೊರಗೆ ಬಿಡಿ. ಕಣ್ಣಿಗೆ ಹನಿ ಹಾಕಿ ಪರೀಕ್ಷೆ ಮಾಡದಿದ್ದರೆ ಮಾಡಿಸಿ. 6 ತಿಂಗಳಿಗೊಮ್ಮೆ ತೋರಿಸಿ.

ಶಿವಮೊಗ್ಗದ ಅಮ್ಮ: ಮನೇಲೇ ಎಲ್ಲ ಲೈಟ್ ಹಾಕಿ ಆಡಿಸಿದರೆ ಸಾಕಾ?

ಡಾಕ್ಟರ್: ಸಾಲದು. ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಮನೆಯೊಳಗೆ ಸಾಮಾನ್ಯವಾಗಿ 500 ಲಕ್ಸ್ ಕೂಡ ಇರುವುದಿಲ್ಲ. ಹೊರಗೆ ಮರದ ನೆರಳಲ್ಲೂ ಹಲವು ಸಾವಿರ ಇರುತ್ತದೆ.

ಮಂಗಳೂರಿನ ಅಪ್ಪ: ಇಂಡೋರ್ ಬ್ಯಾಡ್ಮಿಂಟನ್ ಲೆಕ್ಕಕ್ಕೆ ಬರುತ್ತಾ ಮೇಡಂ?

ದಾವಣಗೆರೆಯ ಅಮ್ಮ: ಬೆಳಗಿನ ಸೂರ್ಯನನ್ನು ರೆಪ್ಪೆ ಬಡಿಯದೆ ನೋಡಿದರೆ ಕನ್ನಡಕ ಹೋಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. 9 ವರ್ಷದ ಮಗಳು ದಿನಾ ತಾರಸಿ ಮೇಲೆ ನಿಂತು ನೋಡುತ್ತಾಳೆ. ಈಗ ಓದುವಾಗ ಪದದ ನಡುವಿನ ಅಕ್ಷರ ಕಾಣಲ್ಲ ಅಂತಾಳೆ. ನೋವೇನಿಲ್ಲ. ಮುಂದುವರಿಸಲಾ?

ಡಾಕ್ಟರ್: ಬೇಡ ತಾಯಿ, ಇವತ್ತೇ ನಿಲ್ಲಿಸಿ. ರೆಟಿನಾ, ಅಂದರೆ ಕಣ್ಣಿನ ಒಳಗಿನ ಪರದೆ, ಅದನ್ನು ನೋಡುವ ಡಾಕ್ಟರಿಗೆ ಇವತ್ತೇ, ತಪ್ಪಿದರೆ ನಾಳೆ ತೋರಿಸಿ. ಸೂರ್ಯನನ್ನು ದಿಟ್ಟಿಸಿದರೆ ರೆಟಿನಾದ ನಟ್ಟನಡುವೆ, ಓದಲು ಬೇಕಾದ ಜಾಗದಲ್ಲೇ ಗಾಯವಾಗುತ್ತದೆ. ರೆಟಿನಾಗೆ ನೋವು ತಿಳಿಯುವುದಿಲ್ಲ. ಅದಕ್ಕೇ ಮಗು ಸುಮ್ನೆ ನೋಡುತ್ತಾ ನಿಂತಿರುತ್ತದೆ. ಓಸಿಟಿ ಅನ್ನುವ ಸ್ಕ್ಯಾನ್ ಮಾಡುತ್ತಾರೆ, ಸೂಜಿ ಚುಚ್ಚುವುದಿಲ್ಲ. ಹೋಗುವ ಮೊದಲು ಅವಳ ಒಂದೊಂದೇ ಕಣ್ಣು ಮುಚ್ಚಿ, ಯಾವ ಅಕ್ಷರ ಮಾಯವಾಗುತ್ತದೆ, ಗೆರೆ ಸೊಟ್ಟಗೆ ಕಾಣುತ್ತದಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಇದಕ್ಕೆ ಇಂಥದ್ದೇ ಅಂತ ಔಷಧಿ ಇಲ್ಲ. ಎಷ್ಟೋ ಮಕ್ಕಳಿಗೆ ಕೆಲವು ತಿಂಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ಕಲೆ ಉಳಿಯುತ್ತದೆ. ಅವಳನ್ನು ಬೈಯಬೇಡಿ.

ಕಣ್ಣಿಗೆ ಬೇಕಾದದ್ದು ಸುತ್ತ ಹರಡಿದ ಬೆಳಕು. ಆ ಬೆಳಕಿಗೆ ರೆಟಿನಾದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ, ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ಅದು ತಡೆಯುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಲಗೋರಿಗೆ ಕಲ್ಲು ಪೇರಿಸುವ ಮಗುವಿಗೆ ಇಷ್ಟೂ ಬೆಳಕು ತಾನಾಗಿ ಸಿಗುತ್ತದೆ. ತೈವಾನ್‌ನಲ್ಲಿ 2010ರಿಂದ ಶಾಲೆಗಳ ಮೂಲಕವೇ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗಿರಿಸುವ ಕೆಲಸ ಶುರುವಾಯಿತು. ಏರುತ್ತಲೇ ಇದ್ದ ದೃಷ್ಟಿದೋಷ ಕೆಲವೇ ವರ್ಷಗಳಲ್ಲಿ ಇಳಿಯತೊಡಗಿತು. ಅಲ್ಲಿ ಯಾರೂ ಸೂರ್ಯನನ್ನು ನೋಡಿಸಲಿಲ್ಲ.

ಧಾರವಾಡದ ಸದಸ್ಯರು: ನಮ್ಮಜ್ಜ ದಿನಾ ಸೂರ್ಯನನ್ನು ನೋಡಿ ಕೈ ಮುಗಿಯುತ್ತಿದ್ದರು. 80ರಲ್ಲೂ ಕನ್ನಡಕ ಇರಲಿಲ್ಲ. ನಿಮಗೆ ನಮ್ಮ ಪದ್ಧತಿ ಅಂದರೇ ಆಗಲ್ಲ.

ಡಾಕ್ಟರ್: ನಮಸ್ಕಾರ ಮಾಡಿ, ದಿಟ್ಟಿಸಬೇಡಿ. ಇಲ್ಲೊಂದು ಮಗುವಿಗೆ ಅಕ್ಷರ ಕಾಣುತ್ತಿಲ್ಲ.

ಹಾಸನದ ಅಮ್ಮ: ಜೇನುತುಪ್ಪ ಕಣ್ಣಿಗೆ ಬಿಟ್ಟರೆ ನಂಬರ್ ಇಳಿಯುತ್ತಂತೆ?

ಡಾಕ್ಟರ್: ಇಳಿಯಲ್ಲ. ಸೋಂಕಾಗಬಹುದು. ಇಂಥ ಮೆಸೇಜ್ ಬಂದರೆ ಡಿಲೀಟ್ ಮಾಡಿ, ಇನ್ನೊಬ್ಬರಿಗೆ ಕಳಿಸಬೇಡಿ.

ಬೆಂಗಳೂರಿನ ಅಪ್ಪ: ಹೊರಗೆ ಅಂದರೆ ಎಲ್ಲಿ ಮೇಡಂ? ಅಪಾರ್ಟ್‌ಮೆಂಟಿನಲ್ಲಿ ಇದ್ದ ಜಾಗವೆಲ್ಲ ಕಾರಿಗೆ. ಮಕ್ಕಳು ಚೆಂಡು ಹಿಡಿದರೆ ಅಸೋಸಿಯೇಷನ್ ದಂಡ ಹಾಕುತ್ತೆ.

ಜಯನಗರದ ಹಿರಿಯರು: ದಂಡ ಸುಮ್ನೆ ಹಾಕಲ್ಲ ಸ್ವಾಮಿ. ಮೂರು ಸಲ ಗಾಜು ಒಡೆದಿದೆ. ಮಧ್ಯಾಹ್ನ ಮಲಗೋಕಾಗಲ್ಲ.

ಬೆಂಗಳೂರಿನ ಅಪ್ಪ: ಗಾಜು ಹೊಸದು ಹಾಕಿಸಬಹುದು ಸಾರ್. ಕಣ್ಣು?

ಜಯನಗರದ ಹಿರಿಯರು: ಮೊದಲು ನಿಮ್ಮ ಕಾರು ರಸ್ತೆಗೆ ಹಾಕಿ, ಆಮೇಲೆ ಉಪದೇಶ ಮಾಡಿ.

ಶಿವಮೊಗ್ಗದ ಅಮ್ಮ: ಸಂಜೆ ಡೆಂಗ್ಯೂ ಸೊಳ್ಳೆ ಕಾಟ, ಅದಕ್ಕೇನು ಮಾಡೋದು?

ಧಾರವಾಡದ ಸದಸ್ಯರು: ಕಾರಿನ ಜಗಳ ಬೇರೆ ಕಡೆ ಆಡಿ.

ಬೆಂಗಳೂರಿನ ಅಪ್ಪ: ಪದ್ಧತಿ ಅಂತ ಜಗಳ ತೆಗೆದವರು ನೀವೇ ಅಲ್ವಾ?

ಕಲಬುರಗಿಯ ಅಮ್ಮ: ಕ್ಯಾರೆಟ್ ಜ್ಯೂಸ್ ಕುಡಿಸಿದರೆ ನಂಬರ್ ಹೋಗುತ್ತಾ?

ಡಾಕ್ಟರ್: ಹೋಗಲ್ಲ. ಮೇಲೆ ಓದಿ. ದಾವಣಗೆರೆಯವರೇ, ಇದ್ದೀರಾ? ಡಾಕ್ಟರ್ ಸಿಕ್ಕರಾ?

ದಾವಣಗೆರೆಯ ಅಮ್ಮ: ನಾಳೆ ಬೆಳಿಗ್ಗೆ ಬರೋಕೆ ಹೇಳಿದ್ದಾರೆ. ಎಡಗಣ್ಣಲ್ಲೇ ಕಾಣದ್ದು ಜಾಸ್ತಿ ಮೇಡಂ.

ಡಾಕ್ಟರ್: ಅದನ್ನೇ ಅವರಿಗೆ ಮೊದಲು ಹೇಳಿ. ಕನ್ನಡಕದ ಹಳೇ ಚೀಟಿ ತಗೊಂಡು ಹೋಗಿ. ರಿಪೋರ್ಟ್ ಬಂದ ತಕ್ಷಣ ನನಗೆ ಮೆಸೇಜ್ ಮಾಡಿ.